ಬೆನ್ನ ಹಿಂದಿನ ಬೆಳಕು

(ನಮ್ಮ ಸಂಘದ ಭಾನುವಾರದ ಕೂಟದಲ್ಲಿ, ಹೊಸದಾಗಿ ಕ್ಯಾಮರಾ ಹಿಡಿದವರಿಗಾಗಿ ಮಾಡಿದ ಭಾಷಣ)



ಸಂಘದ ಸಮಾರಂಭಗಳಲ್ಲಿ ಕ್ಯಾಮರಾ ಹಿಡಿದು ತಮ್ಮೆಲ್ಲರಿಗೂ ಅಡ್ಡವಾಗಿ ನಿಲ್ಲುವ ಮೂರು ನಾಲ್ಕು ಮಂದಿ ನಾವು. ನಾಟಕ ನೋಡಲು ಬಂದವರಿಗೆ ಪಾತ್ರಧಾರಿಗಳಿಗಿಂತ ನಮ್ಮ ಬೆನ್ನೇ ಹೆಚ್ಚು ಕಂಡಿರಬೇಕು. ಆ ಅಪರಾಧಕ್ಕೆ ದಂಡವೆಂಬಂತೆ ಕಾರ್ಯದರ್ಶಿಗಳು ಇಂದು ನಮ್ಮನ್ನು ವೇದಿಕೆಯ ಮೇಲೆ ತಂದು ನಿಲ್ಲಿಸಿದ್ದಾರೆ. ನಾವು ಹವ್ಯಾಸಿಗಳು, ಈ ವಿದ್ಯೆಯಿಂದ ಹೊಟ್ಟೆ ಹೊರೆಯುವವರಲ್ಲ. ಆದರೆ ಎಡವಿ ಕಲಿತವರು ಎಡವಿದ ಕಲ್ಲನ್ನಾದರೂ ತೋರಿಸಬಲ್ಲರಲ್ಲವೆ? ಅಷ್ಟರಮಟ್ಟಿಗೆ ಮಾತನಾಡುವ ಅಧಿಕಾರ ನಮಗುಂಟೆಂದು ಭಾವಿಸಿದ್ದೇವೆ.

ಇಂದಿನ ವಿಷಯ ಬೆನ್ನ ಹಿಂದಿನ ಬೆಳಕು. ಎಂದರೆ, ಚಿತ್ರ ತೆಗೆಸಿಕೊಳ್ಳುವವರ ಹಿಂದಿನಿಂದ ಕ್ಯಾಮರಾದ ಕಡೆಗೆ ಬರುವ ಬೆಳಕು. ಹೊಸಬರನ್ನು ಇಷ್ಟು ಕಾಡುವ ಬೆಳಕು ಬೇರೊಂದಿಲ್ಲ; ಅಭ್ಯಾಸವಾದ ಮೇಲೆ ಇಷ್ಟು ಸಂತೋಷ ಕೊಡುವ ಬೆಳಕೂ ಇನ್ನೊಂದಿಲ್ಲ.

ಮೊದಲು ನಾವು ಎಡವಿದ ಕಲ್ಲಿನ ಕಥೆ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಕೆಳಗೆ ನಮ್ಮ ಗೆಳೆಯರೊಬ್ಬರ ತಾಯಿ ಧಾರವಾಡದ ಕಡೆಯ ಹಳ್ಳಿಯಿಂದ ಮೊದಲ ಸಲ ಮುಂಬಯಿಗೆ ಬಂದಿದ್ದರು. ಮೊಮ್ಮಗನ ಕೈ ಹಿಡಿದು ಸಮುದ್ರ ನೋಡಲು ಹೊರಟರು. ನಾವೂ ಕ್ಯಾಮರಾ ಹೆಗಲಿಗೇರಿಸಿ ಜೊತೆಗೆ ಹೋದೆವು. ಸಂಜೆಯ ಹೊತ್ತು, ಮರೀನ್ ಡ್ರೈವಿನ ಕಟ್ಟೆ. ಸಮುದ್ರವಿರುವುದು ಪಶ್ಚಿಮಕ್ಕೆ, ಆಕಾಶವೆಲ್ಲ ಕೆಂಪಾಗಿ ಸೂರ್ಯ ನೀರಿಗಿಳಿಯುತ್ತಿದ್ದ. ಅಜ್ಜಿಯನ್ನೂ ಮೊಮ್ಮಗನನ್ನೂ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ ಒಂದಲ್ಲ, ಎಂಟು ಹತ್ತು ಚಿತ್ರ ತೆಗೆದೆವು. ಬಲು ಚೆನ್ನಾಗಿ ಬಂತೆಂದು ನಮಗೆ ನಾವೇ ಬೆನ್ನು ತಟ್ಟಿಕೊಂಡೆವು. ಮನೆಗೆ ಬಂದು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಆ ತಾಯಿ ಬಹಳ ಹೊತ್ತು ನೋಡಿ, “ಸೂರ್ಯನಾರಾಯಣ ಭಾಳ ಛಂದ ಬಂದಾನಪಾ. ಆದ್ರ ನಾ ಎಲ್ಲಿದ್ದೇನಿ?” ಎಂದು ಕೇಳಿದರು.

ಎಲ್ಲರೂ ನಕ್ಕೆವು. ಮುಂದಿನ ಸಲ ಬಂದಾಗ ಒಳ್ಳೆಯದೊಂದು ತೆಗೆದರಾಯಿತು ಎಂದೆವು. ಮುಂದಿನ ಸಲವೆಂಬುದು ಬರಲಿಲ್ಲ. ಮರುವರ್ಷ ಅವರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟವಿಲ್ಲದೆ, ಗುರುತಿನ ಚೀಟಿಯಲ್ಲಿದ್ದ ಅಂಚೆಚೀಟಿಯಷ್ಟರ ಚಿತ್ರವನ್ನೇ ದೊಡ್ಡದು ಮಾಡಿಸಬೇಕಾಯಿತು. ಹತ್ತು ಸಾವಿರ ಚಿತ್ರ ಹಿಡಿಯಬಲ್ಲ ಯಂತ್ರ ನಮ್ಮ ಹೆಗಲಲ್ಲಿತ್ತು. ಒಂದು ಮುಖವನ್ನು ಹಿಡಿಯಲು ನಮಗೆ ಬಂದಿರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬಂದು ಹೋಗುವವರು. ಆದುದರಿಂದ ಈ ತಪ್ಪು ನಮಗೆ ಉಳಿದವರಿಗಿಂತ ಹೆಚ್ಚು ದುಬಾರಿ.

ಇನ್ನು, ಹೀಗೇಕಾಯಿತು ಎಂಬುದನ್ನು ನೋಡೋಣ.

ನಮ್ಮ ಕಣ್ಣಿಗೆ ಅಜ್ಜಿಯ ಮುಖವೂ ಕಾಣುತ್ತಿತ್ತು, ಆಕಾಶದ ಕೆಂಪೂ ಕಾಣುತ್ತಿತ್ತು. ಕಣ್ಣು ಒಂದೊಂದು ಕಡೆ ಹೊರಳಿದಾಗಲೂ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ; ಹಿಂದಿರುವ ಮಿದುಳು ಎರಡನ್ನೂ ಸೇರಿಸಿ ಒಂದೇ ನೋಟ ಮಾಡಿಕೊಡುತ್ತದೆ. ಕ್ಯಾಮರಾಕ್ಕೆ ಈ ಜಾಣತನವಿಲ್ಲ. ಅದರೊಳಗೆ ಬೆಳಕನ್ನು ಅಳೆಯುವ ಒಂದು ಮೀಟರು ಇರುತ್ತದೆ. ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ಒಂದು ನಡುವಣ ಬೂದುಬಣ್ಣ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲನ್ನು ಹಿಂದಕ್ಕೆ ಕೊಡುವಂಥದು, ಎಂದು ಆ ಮೀಟರು ನಂಬಿದೆ. ಹಿಂದೆ ಉರಿಯುವ ಆಕಾಶವಿದ್ದರೆ, “ಅಬ್ಬಾ, ಬೆಳಕು ವಿಪರೀತ” ಎಂದು ಹೆದರಿ ಎಲ್ಲವನ್ನೂ ಕುಗ್ಗಿಸುತ್ತದೆ. ಆಕಾಶ ಸರಿಯಾಗುತ್ತದೆ. ಮೊದಲೇ ನೆರಳಿನಲ್ಲಿದ್ದ ಮುಖ ಇದ್ದಿಲಾಗುತ್ತದೆ. ಯಂತ್ರ ಕೆಟ್ಟದ್ದೆಂದು ಬೈಯಬೇಡಿ. ಚಿತ್ರದಲ್ಲಿ ಬೇಕಾದದ್ದು ಅಜ್ಜಿಯೋ ಆಕಾಶವೋ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

ನಾವು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಗುಂಡಿ ಒತ್ತುವ ಮುನ್ನ, ಮುಖ ಬೇಕೋ ಆಕಾರ ಬೇಕೋ ಎಂದು ನಾವು ನಿಶ್ಚಯಿಸಬೇಕು. ಉಳಿದುದೆಲ್ಲ ಈ ನಿಶ್ಚಯವನ್ನು ಯಂತ್ರಕ್ಕೆ ತಿಳಿಸುವ ಉಪಾಯಗಳು.

ಹಿಂದೆ ಇದಕ್ಕೆ ಒಂದು ಸುಲಭ ಸೂತ್ರವಿತ್ತು. ಸೂರ್ಯ ನಿಮ್ಮ ಬೆನ್ನಿಗಿರಲಿ, ಎದುರಿನವರ ಮುಖಕ್ಕಿರಲಿ ಎಂಬುದು ಪೆಟ್ಟಿಗೆ ಕ್ಯಾಮರಾಗಳ ಕಾಲದ ಉಪದೇಶ. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರು ಅಗ್ಫಾ ಕ್ಲಿಕ್ ೩ ಕ್ಯಾಮರಾ ಬಳಸಿರಬಹುದು. ಒಂದು ಸುರುಳಿಗೆ ೧೨ ಚಿತ್ರ. ಒಂದು ಕೆಟ್ಟರೆ ಹನ್ನೆರಡರಲ್ಲಿ ಒಂದು ಹೋಯಿತು. ಆ ದಿನಗಳಿಗೆ ಆ ಸೂತ್ರ ಸರಿಯೇ. ಆದರೆ ಬಿಸಿಲು ಮುಖಕ್ಕೆ ಹೊಡೆದಾಗ ಏನಾಗುತ್ತದೆ? ಹಣೆ ಗಂಟಿಕ್ಕುತ್ತದೆ, ಕಣ್ಣು ಕಿರಿದಾಗುತ್ತದೆ, ಮಗು ಅಳುತ್ತದೆ. ಹಳೆಯ ಆಲ್ಬಮ್ಮುಗಳಲ್ಲಿ ನಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಯಾರ ಮೇಲೋ ಸಿಟ್ಟಾದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖ ಸಮಾಧಾನವಾಗಿರುತ್ತದೆ. ಆದುದರಿಂದ ಬೆನ್ನ ಹಿಂದಿನ ಬೆಳಕನ್ನು ಬಿಟ್ಟು ಓಡುವುದಕ್ಕಿಂತ ಪಳಗಿಸಿಕೊಳ್ಳುವುದು ಲೇಸು.

ಮುಖ ಬೇಕಾದಾಗ ಮಾಡತಕ್ಕ ಉಪಾಯಗಳು ನಾಲ್ಕು.

ಮೊದಲನೆಯದು, ಯಂತ್ರಕ್ಕೆ ಮುಖವನ್ನು ತೋರಿಸುವುದು. ಕೈಯಲ್ಲಿರುವುದು ಫೋನಾದರೆ, ಪರದೆಯ ಮೇಲೆ ಮುಖವಿರುವಲ್ಲಿ ಬೆರಳು ಮುಟ್ಟಿಸಿ. ಬಹುಪಾಲು ಫೋನುಗಳಲ್ಲಿ ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತೊಂದು ಮೂಡುತ್ತದೆ; ಅದನ್ನು ಮೇಲಕ್ಕೆ ಸರಿಸಿದರೆ ಮುಖ ಬೆಳಗುತ್ತದೆ. ಕ್ಯಾಮರಾ ಆದರೆ, ಕೂಡಿಸುವ ಕಳೆಯುವ ಗುರುತುಗಳೆರಡೂ ಇರುವ ಗುಂಡಿಯೊಂದಿರುತ್ತದೆ. ಅದನ್ನು ಕೂಡಿಸುವ ಕಡೆಗೆ ಒಂದರಿಂದ ಎರಡು ಸ್ಟಾಪ್ ಸರಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ, ಎರಡೆಂದರೆ ನಾಲ್ಮಡಿ. ಮೀಟರಿಲ್ಲದ ಹಳೆಯ ಕ್ಯಾಮರಾದಲ್ಲಿ ಫಿಲ್ಮು ಹಾಕಿ ತೆಗೆಯುವ ಉತ್ಸಾಹಿಗಳು ಈಗಲೂ ಇದ್ದಾರೆ. ಅವರಿಗೂ ಇದೇ ಲೆಕ್ಕ. ಐ.ಎಸ್.ಒ. ೧೦೦ರಲ್ಲಿ, ಸೆಕೆಂಡಿನ ೧೨೫ನೆಯ ಒಂದು ಪಾಲಿನ ವೇಗದಲ್ಲಿ, ಎದುರು ಬಿಸಿಲಿಗೆ ಎಫ್-೧೬ ಸಾಕಾದರೆ, ಬೆನ್ನು ಬಿಸಿಲಿನ ಮುಖಕ್ಕೆ ಎಫ್-೮ ಬೇಕು. ಈ ಉಪಾಯಕ್ಕೆ ಒಂದು ಬೆಲೆಯುಂಟು: ಮುಖ ಬಂದರೆ ಆಕಾಶ ಬಿಳಿಚುತ್ತದೆ. ಬಿಳಿಚಲಿ. ಆಕಾಶ ನಾಳೆಯೂ ಇರುತ್ತದೆ.

ಎರಡನೆಯದು, ಮುಖಕ್ಕೆ ಬೆಳಕನ್ನು ಎರವಲು ತರುವುದು. ಇದಕ್ಕೆ ಅಂಗಡಿಯಲ್ಲಿ ಬೆಳ್ಳಿಬಣ್ಣದ ತಟ್ಟೆಗಳು ಸಿಗುತ್ತವೆ. ನಮ್ಮ ಅನುಭವದಲ್ಲಿ ಒಗೆದು ಮಡಿಸಿಟ್ಟ ಒಂದು ಬಿಳಿಯ ಪಂಚೆ ಅಷ್ಟೇ ಕೆಲಸ ಮಾಡುತ್ತದೆ. ಇಬ್ಬರು ಎರಡು ತುದಿ ಹಿಡಿದು, ನಿಂತವರ ಮುಂದೆ, ಚಿತ್ರದೊಳಗೆ ಬಾರದಂತೆ, ಎದೆಯ ಮಟ್ಟದಲ್ಲಿ ಹಿಡಿಯಿರಿ. ಪಂಚೆಯನ್ನು ಮೆಲ್ಲಗೆ ಓರೆ ಮಾಡುತ್ತ ಹೋದರೆ ಬೆಳಕು ಗದ್ದದಿಂದ ಕಣ್ಣಿಗೆ ಏರುವುದು ನಮಗೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿದರಾಯಿತು. ಬಣ್ಣದ ಬಟ್ಟೆ ಬೇಡ. ಹಸಿರು ಸೀರೆ ಹಿಡಿದರೆ ಮದುಮಗಳ ಮುಖವೂ ಹಸಿರಾದೀತು. ಸುಣ್ಣ ಬಳಿದ ಗೋಡೆ, ಸಮುದ್ರದಂಡೆಯ ಮರಳು, ತಿಳಿಬಣ್ಣದ ನೆಲ, ಇವೆಲ್ಲ ದೇವರು ಕೊಟ್ಟ ಪಂಚೆಗಳೇ.

ಮೂರನೆಯದು, ಹಗಲಿನಲ್ಲೇ ಫ್ಲಾಶ್ ಹಾಕುವುದು. “ಇಷ್ಟು ಬೆಳಕಿರುವಾಗ ಫ್ಲಾಶ್ ಏಕೆ?” ಎಂದು ಜನ ನಗುತ್ತಾರೆ. ಬೆಳಕಿರುವುದು ಬೆನ್ನಿಗೆ, ಮುಖಕ್ಕಲ್ಲ, ನಗುವವರು ನಗಲಿ. ಕ್ಯಾಮರಾದ ಜೊತೆಗೇ ಬರುವ ಸಣ್ಣ ಫ್ಲಾಶು ಎಂಟು ಹತ್ತು ಅಡಿಯ ಆಚೆಗೆ ಹೆಚ್ಚು ಪ್ರಯೋಜನಕ್ಕೆ ಬಾರದು. ಫೋನಿನದು ಇನ್ನೂ ಬಡ ಬೆಳಕು. ಆದುದರಿಂದ ಹತ್ತಿರ ಹೋಗಬೇಕು. ಹಿಂದಿನ ಆಕಾಶವೂ ಮುಂದಿನ ಮುಖವೂ ಒಂದೇ ಚಿತ್ರದಲ್ಲಿ ಬೇಕೆನ್ನುವವರಿಗೆ ಈ ಉಪಾಯ ಮತ್ತು ಪಂಚೆಯ ಉಪಾಯ ಎರಡೇ ನೆಚ್ಚಿಕೆಯವು.

ನಾಲ್ಕನೆಯದು ಎಲ್ಲಕ್ಕಿಂತ ಅಗ್ಗದ್ದು: ಕಾಲು ಸರಿಸುವುದು. ನಮ್ಮ ಮನೆಗಳು ಚಿಕ್ಕವು. ಒಂದು ಕೋಣೆ, ಒಂದು ಕಿಟಕಿ. ನೆಂಟರು ಬಂದರೆ ಕಿಟಕಿಯ ಮುಂದಿನ ಕುರ್ಚಿಯೇ ಗೌರವದ ಸ್ಥಾನ. ಚಿತ್ರ ತೆಗೆಯುವವರಿಗೆ ಅದೇ ಸಂಕಟದ ಸ್ಥಾನ. ಕುರ್ಚಿಯನ್ನು ಕಾಲು ಸುತ್ತು ತಿರುಗಿಸಿ, ಕಿಟಕಿ ಅವರ ಪಕ್ಕಕ್ಕೆ ಬರುವಂತೆ ಮಾಡಿ, ನೀವು ಗೋಡೆಗೆ ಒರಗಿ ನಿಲ್ಲಿ. ಕೆನ್ನೆಯ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ಮೆತ್ತನೆಯ ನೆರಳು. ಹಿರಿಯರ ಮುಖದ ಒಂದೊಂದು ಗೆರೆಯೂ ಮಾತನಾಡುತ್ತದೆ. ಹೊರಗೆ ಹೋದಾಗಲೂ ಅಷ್ಟೆ. ಗೇಟ್‌ವೇ ಆಫ್ ಇಂಡಿಯಾ ಇರುವುದು ಊರಿನ ಪೂರ್ವದ ದಡದಲ್ಲಿ. ಅದನ್ನು ಹಿಂದಿಟ್ಟುಕೊಂಡು ಬೆಳಿಗ್ಗೆ ತೆಗೆದರೆ ಎದುರು ಬೆಳಕಿನ ಕಾಟ, ಸಂಜೆ ಹೋದರೆ ಇಲ್ಲ. ಚೌಪಾಟಿ, ಜುಹೂಗಳಲ್ಲಿ ಇದಕ್ಕೆ ತಿರುಗುಮುರುಗು. ಚೆನ್ನೈನ ನೆಂಟರ ಮನೆಗೆ ಹೋದರೆ ಅಲ್ಲಿಯ ಮರೀನಾದ ಸಮುದ್ರ ಪೂರ್ವಕ್ಕಿದೆ ಎಂಬುದನ್ನು ನೆನಪಿಡಿ. ದಿಕ್ಕು ತಿಳಿದವನಿಗೆ ಅರ್ಧ ವಿದ್ಯೆ ತಿಳಿದಂತೆ.

ಈಗಿನ ಫೋನುಗಳು ಐದನೆಯ ಉಪಾಯವೊಂದನ್ನು ತಾವಾಗಿಯೇ ಮಾಡುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಹೆಚ್ಚು ಬೆಳಕಿನದು, ಕಡಮೆ ಬೆಳಕಿನದು ಎಂದು ಹಲವು ಚಿತ್ರ ತೆಗೆದು, ಒಳ್ಳೆಯ ಭಾಗಗಳನ್ನು ಹೊಲಿದು ಒಂದು ಮಾಡುತ್ತವೆ. ಎಚ್.ಡಿ.ಆರ್. ಎಂದು ಅದರ ಹೆಸರು. ಒಳ್ಳೆಯದೇ, ಬಳಸಿಕೊಳ್ಳಿ. ಆದರೆ ಓಡುವ ಮಗುವಿನ ಕೈ ಎರಡಾಗಿ ಕಾಣುವುದೂ ಉಂಟು. ಜೊತೆಗೆ, ನಮಗೆ ಕತ್ತಲೆ ಬೇಕಾದ ಕಡೆಯಲ್ಲೂ ಅದು ಬೆಳಕು ತುಂಬಿಬಿಡುತ್ತದೆ. ನಿಶ್ಚಯ ನಮ್ಮದಾಗಿರಬೇಕು ಎಂದದ್ದು ಅದಕ್ಕೇ.

ಕತ್ತಲೆ ಯಾವಾಗ ಬೇಕು ಎನ್ನುವಿರೋ? ಇನ್ನು ವಿಷಯದ ಮತ್ತೊಂದು ಮುಖಕ್ಕೆ ಬರೋಣ.

ಬೆನ್ನ ಹಿಂದಿನ ಬೆಳಕಿನ ಸೊಬಗು ನಮ್ಮ ಜನಕ್ಕೆ ಕ್ಯಾಮರಾ ಬಂದ ಮೇಲೆ ತಿಳಿದುದಲ್ಲ. ನಮ್ಮ ಕರ್ನಾಟಕದ ತೊಗಲು ಗೊಂಬೆಯಾಟವನ್ನು ನೆನೆಯಿರಿ. ಹದಮಾಡಿದ ತೆಳು ತೊಗಲಿನಲ್ಲಿ ಗೊಂಬೆ ಕತ್ತರಿಸಿ, ಬಣ್ಣ ಹಚ್ಚಿ, ಬಿಳಿಯ ಪರದೆಗೆ ಒತ್ತಿ ಹಿಡಿದು, ಹಿಂದೆ ದೀಪವಿಟ್ಟರು. ಬೆಳಕು ತೊಗಲನ್ನು ಹಾದು ಬಂದಾಗ ರಾಮನ ಕಿರೀಟ ಹೊಳೆಯಿತು, ಹನುಮನ ಬಾಲ ಜೀವ ತಳೆಯಿತು. ಅದೇ ಗೊಂಬೆಯನ್ನು ಎದುರಿನ ಬೆಳಕಿನಲ್ಲಿ ನೋಡಿದರೆ ಬಣ್ಣ ಹಚ್ಚಿದ ತೊಗಲು, ಅಷ್ಟೆ. ಬೆಳಕು ಯಾವುದರೊಳಗೆ ಹಾದು ಬರಬಲ್ಲದೋ ಅದನ್ನೆಲ್ಲ ಹಿಂದಿನ ಬೆಳಕಿನಲ್ಲೇ ನೋಡಬೇಕು: ಮಾವಿನ ಚಿಗುರು, ಬಾಳೆಯ ಎಲೆ, ರೇಷ್ಮೆಯ ಸೆರಗು, ಮುಡಿದ ಮಲ್ಲಿಗೆ, ಎಳೆಯ ಮಗುವಿನ ಕಿವಿ, ಲೋಟದ ಕಾಫಿಯಿಂದೇಳುವ ಹಬೆ. ಹಬೆ, ಹೊಗೆ, ಧೂಳುಗಳ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತವೆ. ಆದುದರಿಂದಲೇ ಊದಿನಕಡ್ಡಿಯ ಹೊಗೆ ಎದುರು ಬೆಳಕಿನಲ್ಲಿ ಮಾಸಲು, ಹಿಂದಿನ ಬೆಳಕಿನಲ್ಲಿ ಬೆಳ್ಳಿ.

ಈ ರಹಸ್ಯವನ್ನು ಇಡೀ ಭಾರತಕ್ಕೆ ತೋರಿಸಿದವರೊಬ್ಬರು ನಮ್ಮವರು, ಅದೂ ಈ ಮುಂಬಯಿಯಲ್ಲೇ ದುಡಿದವರು ಎಂಬುದನ್ನು ಹೇಳಲು ನಮಗೆ ಹೆಮ್ಮೆ. ವಿ. ಕೆ. ಮೂರ್ತಿಯವರು ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ತರ ಜೊತೆಗೂಡಿ ೧೯೫೭ರಲ್ಲಿ ‘ಪ್ಯಾಸಾ’, ೧೯೫೯ರಲ್ಲಿ ‘ಕಾಗಜ್ ಕೇ ಫೂಲ್’ ಚಿತ್ರಗಳನ್ನು ಸೆರೆಹಿಡಿದರು. ‘ಪ್ಯಾಸಾ’ದಲ್ಲಿ ಸತ್ತನೆಂದು ಜನ ನಂಬಿದ ಕವಿ ಸಭಾಂಗಣದ ಬಾಗಿಲಲ್ಲಿ ಕೈ ಚಾಚಿ ನಿಲ್ಲುತ್ತಾನೆ. ಬೆಳಕೆಲ್ಲ ಅವನ ಹಿಂದೆ. ಮುಖ ಕಾಣದು, ಕಾಣಬೇಕಾಗಿಯೂ ಇಲ್ಲ. ಆ ನಿಲುವೇ ಎಲ್ಲವನ್ನೂ ಹೇಳುತ್ತದೆ. ‘ಕಾಗಜ್ ಕೇ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಗೆ ಬೆಳಕಿನ ಕೋಲೊಂದು ಇಳಿದು ಬರುವ ದೃಶ್ಯವಿದೆ. ಅದಕ್ಕೆ ಅವರು ಬಳಸಿದ್ದು ದೊಡ್ಡ ದೊಡ್ಡ ದೀಪಗಳನ್ನಲ್ಲ. ಹೊರಗಿನ ಸೂರ್ಯನ ಬೆಳಕನ್ನು ಕನ್ನಡಿಗಳಿಂದ ಹಿಡಿದು ಒಳಕ್ಕೆ ತಿರುಗಿಸಿದರು. ನಮ್ಮ ಪಂಚೆಯ ಉಪಾಯಕ್ಕೂ ಆ ಕನ್ನಡಿಗೂ ತತ್ತ್ವ ಒಂದೇ ಎಂದರೆ ತಾವು ನಗಬಾರದು. ೨೦೦೮ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ೨೦೧೪ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಹೀಗೆ ಮುಖ ಬಿಟ್ಟು ಆಕಾರವನ್ನೇ ಹಿಡಿಯುವ ಚಿತ್ರವನ್ನು ನಾವು ನೆರಳುಚಿತ್ರ ಎನ್ನೋಣ. ಅದನ್ನು ತೆಗೆಯುವ ಕ್ರಮ ಮೊದಲಿನದಕ್ಕೆ ವಿರುದ್ಧ. ಮುಖವನ್ನಲ್ಲ, ಆಕಾಶವನ್ನು ಮುಟ್ಟಿ, ಪುಟ್ಟ ಸೂರ್ಯನನ್ನು ಕೆಳಕ್ಕೆ ಸರಿಸಿ, ಫ್ಲಾಶನ್ನು ಮುಚ್ಚಿ. ಇಲ್ಲಿ ಆಕಾರವೇ ಸರ್ವಸ್ವವಾದ ಕಾರಣ ಅದು ಬಿಡಿಬಿಡಿಯಾಗಿ ಕಾಣಬೇಕು. ಎದುರು ಮುಖ ಬೇಡ, ಪಕ್ಕದ ಮುಖವಿರಲಿ. ಮೂಗು ತುಟಿ ಗದ್ದಗಳು ಗೆರೆಯಾಗಿ ಬರುತ್ತವೆ. ತೋಳು ಮೈಗೆ ಅಂಟದಿರಲಿ. ಇಬ್ಬರಿದ್ದರೆ ನಡುವೆ ಒಂದು ಗೇಣು ಬೆಳಕಿರಲಿ. ಇಲ್ಲದಿದ್ದರೆ ಎರಡು ತಲೆಯ ಒಂದು ಗುಡ್ಡೆಯಾದೀತು. ನೀವು ಕುಕ್ಕರಗಾಲಲ್ಲಿ ಕುಳಿತು ಕೆಳಗಿನಿಂದ ತೆಗೆದರೆ ಹಿಂದಿನ ಮರ, ಬಸ್ಸು, ಕಂಬಗಳೆಲ್ಲ ತಗ್ಗಿ ಆಕಾಶವೊಂದೇ ಉಳಿಯುತ್ತದೆ. ನಮ್ಮ ರಾಜ್ಯೋತ್ಸವದ ರಂಗದ ಮೇಲೆ ಯಕ್ಷಗಾನದ ವೇಷ ಬಂದಾಗ, ಹಿಂದಿನ ದೀಪ ಉರಿಯುತ್ತಿದ್ದರೆ, ಪಕ್ಕಕ್ಕೆ ತಿರುಗುವ ಒಂದು ಕ್ಷಣಕ್ಕಾಗಿ ಕಾಯಿರಿ. ಕಿರೀಟದ ಆ ಗೆರೆಗೆ ಹೆಸರು ಬರೆಯಬೇಕಾಗಿಲ್ಲ.

ಮುಖವೂ ಬೇಕು, ಬೆಳಕಿನ ಅಂಚೂ ಬೇಕು ಎನ್ನುವವರಿಗೆ ನಡುವಣ ದಾರಿಯೊಂದಿದೆ. ಸಂಜೆ ಸೂರ್ಯ ಇಳಿಯುವುದಕ್ಕೆ ಮುಂಚಿನ ಒಂದು ಗಂಟೆಯಲ್ಲಿ, ಸೂರ್ಯನನ್ನು ನಿಂತವರ ತಲೆಯ ಹಿಂದೆಯೋ ಮರದ ಬೊಡ್ಡೆಯ ಹಿಂದೆಯೋ ಮರೆಮಾಡಿ. ಅವರ ಹಿಂದೆ ಗಿಡಮರಗಳ ಕಪ್ಪು ನೆರಳಿರುವಂತೆ ನೋಡಿಕೊಳ್ಳಿ. ಆಗ ಕೂದಲಿನ ಸುತ್ತ, ಭುಜದ ಮೇಲೆ, ಚಿನ್ನದ ಜರಿಯಂಚು ಬಿಟ್ಟಂತೆ ಬೆಳಕು ಕೂರುತ್ತದೆ. ಮುಖಕ್ಕೆ ಪಂಚೆ ಹಿಡಿಯಲು ಮರೆಯದಿರಿ.

ಎಚ್ಚರಿಕೆಯ ಮಾತು ಮೂರು. ಲೆನ್ಸಿನ ಮೇಲೆ ಬೆರಳಿನ ಎಣ್ಣೆಯಿದ್ದರೆ ಹಿಂದಿನ ಬೆಳಕಿನಲ್ಲಿ ಚಿತ್ರವೆಲ್ಲ ಮಂಜು ಕವಿದಂತಾಗುತ್ತದೆ; ಫೋನನ್ನು ಜೇಬಿನಿಂದ ತೆಗೆದೊಡನೆ ಮೆತ್ತನೆಯ ಬಟ್ಟೆಯಿಂದ ಒರಸಿ. ಸೂರ್ಯನ ಕಿರಣ ನೇರ ಲೆನ್ಸಿಗೆ ಬಿದ್ದು ಬಳೆ ಬಳೆಯಾದ ಕಲೆ ಮೂಡಿದರೆ, ಕೈಯನ್ನೋ ಈ ಸಂಚಿಕೆಯನ್ನೋ ಕೊಡೆಯಂತೆ ಮರೆ ಹಿಡಿಯಿರಿ, ಸಂಪಾದಕರು ಬೇಸರಪಡಲಾರರು. ಮೂರನೆಯದು ಅತಿ ಮುಖ್ಯ: ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡುವ ಕ್ಯಾಮರಾದಿಂದ, ಅದರಲ್ಲೂ ದೂರದರ್ಶಕ ಲೆನ್ಸಿನಿಂದ, ಸುಡುವ ಸೂರ್ಯನನ್ನು ಎಂದೂ ನೇರ ನೋಡಬಾರದು. ಕ್ಯಾಮರಾ ಕೆಟ್ಟರೆ ಬೇರೆ ಕೊಳ್ಳಬಹುದು, ಕಣ್ಣನ್ನು ಕೊಳ್ಳಲಾಗದು.

ಇನ್ನು ಮನೆಪಾಠ. ಮುಂದಿನ ಭಾನುವಾರ ಮನೆಯ ಒಬ್ಬರನ್ನು ಕಿಟಕಿಯ ಮುಂದೆ ಕೂರಿಸಿ ಐದು ಚಿತ್ರ ತೆಗೆಯಿರಿ. ಒಂದು, ಯಂತ್ರ ತನ್ನಿಚ್ಛೆಯಂತೆ ತೆಗೆದದ್ದು. ಎರಡು, ಮುಖ ಮುಟ್ಟಿ ಬೆಳಗಿಸಿದ್ದು. ಮೂರು, ಪಂಚೆ ಹಿಡಿದದ್ದು. ನಾಲ್ಕು, ಕುರ್ಚಿ ತಿರುಗಿಸಿದ್ದು. ಐದು, ಪಕ್ಕದ ಮುಖದ ನೆರಳುಚಿತ್ರ. ಐದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಈ ಭಾಷಣದ ಅಗತ್ಯವೇ ಇರಲಿಲ್ಲವೆಂದು ತಮಗೆ ತೋರೀತು.

ಮುಗಿಸುವ ಮುನ್ನ ಮತ್ತೆ ಆ ಅಜ್ಜಿಯ ಮಾತು. ನಾವು ಕೆಡಿಸಿದ ಚಿತ್ರವನ್ನು ಅಳಿಸಿಬಿಡಬೇಕೆಂದಿದ್ದೆವು, ಮೊಮ್ಮಗ ಬಿಡಲಿಲ್ಲ. ಅಂದು ಅಜ್ಜಿಯ ಕೈ ಹಿಡಿದು ನಿಂತಿದ್ದ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಅವನ ಮೇಜಿನ ಮೇಲಿರುವುದು ಗೋಡೆಯ ಪಟದ ಪ್ರತಿಯಲ್ಲ, ಆ ಕಪ್ಪು ಚಿತ್ರ. ತಲೆಯ ಮೇಲೆ ಹೊದ್ದ ಸೆರಗು, ತುಸು ಬಾಗಿದ ಬೆನ್ನು, ಅವನ ಕಡೆಗೆ ಇಳಿಬಿಟ್ಟ ಒಂದು ಕೈ. “ಅಜ್ಜಿ ಹೀಗೇ ನಿಲ್ಲುತ್ತಿದ್ದಳು” ಎನ್ನುತ್ತಾನೆ. ಇದು ನಮ್ಮ ಜಾಣತನದ ಫಲವಲ್ಲ. ಅಂದು ನಾವು ಎರಡು ಚಿತ್ರ ತೆಗೆಯಬೇಕಾಗಿತ್ತು: ಆಕಾರಕ್ಕೊಂದು, ಮುಖಕ್ಕೊಂದು. ಬೇಕಾಗಿದ್ದುದು ಇನ್ನೊಂದು ನಿಮಿಷ, ಒಂದು ಪಂಚೆ.

ಈ ಸಲದ ರಾಜ್ಯೋತ್ಸವಕ್ಕೆ ಊರಿನಿಂದ ಹಿರಿಯರು ಬಂದಿದ್ದರೆ ದಯವಿಟ್ಟು ಕರೆತನ್ನಿ. ಸಭಾಂಗಣದ ಪಕ್ಕದ ಬಿಳಿಗೋಡೆಯ ಬಳಿ ನಾವು ಕ್ಯಾಮರಾ ಹಿಡಿದು ಕಾದಿರುತ್ತೇವೆ. ಪಂಚೆಯೂ ನಮ್ಮದೇ. ಮುಖವನ್ನು ನಾವು ತೆಗೆದುಕೊಡುತ್ತೇವೆ; ಆಕಾರವನ್ನು ತೆಗೆಯುವುದನ್ನು ತಮ್ಮ ಮಕ್ಕಳಿಗೇ ಬಿಡುತ್ತೇವೆ, ಅವರು ಇಷ್ಟು ಹೊತ್ತು ಕೇಳಿದ್ದಾರೆ.